ಹೆಬ್ಬಾಗಿಲು ಒಂದೇ ಇರಲಿ



ಕೆಲವರು ಕುಟುಂಬದ ಫೋಟೋ, ಕಾಗದಪತ್ರಗಳನ್ನು ಮನೆಯ ಕಂಪ್ಯೂಟರಿನಲ್ಲೇ ಇಟ್ಟು, ನೆಕ್ಸ್ಟ್‌ಕ್ಲೌಡ್‌ನಂತಹ ತಂತ್ರಾಂಶದ ಮೂಲಕ ಎಲ್ಲಿಂದ ಬೇಕಾದರೂ ನೋಡುತ್ತಾರೆ. ಊರಿನಲ್ಲಿರುವ ಅಜ್ಜ ಅಜ್ಜಿಗೂ ಮೊಮ್ಮಕ್ಕಳ ಚಿತ್ರ ಕಾಣುತ್ತದೆ. ಆದರೆ ಒಂದೊಂದು ತಂತ್ರಾಂಶಕ್ಕೂ ರೂಟರಿನಲ್ಲಿ ಪೋರ್ಟ್ ಎಂಬ ಬಾಗಿಲನ್ನು ತೆರೆಯುತ್ತಾ ಹೋದರೆ ಕಳ್ಳರಿಗೂ ಅಷ್ಟೇ ದಾರಿಗಳು!

ಇದಕ್ಕೆ ಪರಿಹಾರ ‘ರಿವರ್ಸ್ ಪ್ರಾಕ್ಸಿ’. ಇದು ಹೆಬ್ಬಾಗಿಲಿನ ಕಾವಲುಗಾರನಿದ್ದಂತೆ. 2004ರಲ್ಲಿ ಇಗೋರ್ ಸಿಸೋಯೆವ್ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಈ ಕೆಲಸ ಮಾಡಬಲ್ಲದು. ಹೊರಗಿನಿಂದ ಬರುವ ಎಲ್ಲ ಕೋರಿಕೆಗಳನ್ನೂ ಅದು 443ನೇ ಪೋರ್ಟಿನಲ್ಲೇ ಸ್ವೀಕರಿಸುತ್ತದೆ. ಒಳಗೆ ಬಿಡುವ ಮೊದಲು ‘ಇವರು ನಮ್ಮವರೇ?’ ಎಂದು ಅಥೇಲಿಯಾದಂತಹ ಲಾಗಿನ್ ಪೋರ್ಟಲ್ ಅನ್ನು ವಿಚಾರಿಸುತ್ತದೆ. ಪೋರ್ಟಲ್ ಪಾಸ್‌ವರ್ಡ್ ಜೊತೆಗೆ, ಮೊಬೈಲಿನಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ 6 ಅಂಕಿಯ ಸಂಖ್ಯೆಯನ್ನೂ ಕೇಳಬಹುದು. ಆಗ ಪಾಸ್‌ವರ್ಡ್ ಕದ್ದರಷ್ಟೇ ಸಾಲದು. ಗುರುತು ಖಚಿತವಾದ ಮೇಲೆ ಕೋರಿಕೆ ಸರಿಯಾದ ತಂತ್ರಾಂಶವನ್ನು ತಲುಪುತ್ತದೆ.

ಒಂದು ಮಾತು ಮರೆಯಬಾರದು. ಮೊದಲು ತೆರೆದಿದ್ದ ಹಳೆಯ ಪೋರ್ಟುಗಳನ್ನು ಮುಚ್ಚಲೇಬೇಕು. ತಂತ್ರಾಂಶಗಳನ್ನೂ ಆಗಾಗ ನವೀಕರಿಸಬೇಕು. ಹೆಬ್ಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಬಾಗಿಲು ತೆರೆದಿಟ್ಟರೆ ಆ ಕಾವಲಿನಿಂದ ಏನು ಪ್ರಯೋಜನ? ಮನೆಯವರೆಲ್ಲ ಸೇರಿ ಇಂದೇ ಪರೀಕ್ಷಿಸಿ ನೋಡಿ.