ಬಿದಿರು ಮೆಳೆಯ ಮುಳ್ಳುಬೇಲಿ

ಮಳೆ ಹಿಡಿಯುತ್ತಿದ್ದಂತೆ ಬಿದಿರು ಮೆಳೆಯ ಬುಡದಲ್ಲಿ ಕಳಲೆ ಮೂಡುತ್ತದೆ. ಈ ಎಳೆ ಮೊಳಕೆಯ ಮೇಲೆ ದನ, ಮುಸುವ, ಮುಳ್ಳುಹಂದಿ ಎಲ್ಲಕ್ಕೂ ಕಣ್ಣು. ಪಲ್ಯಕ್ಕೆಂದು ಹುಡುಕಿ ಬರುವವರೂ ಕಡಿಮೆಯಿಲ್ಲ. ಇಷ್ಟು ಬಾಯಿಗಳಿಂದ ಕಳಲೆಯನ್ನು ಕಾಯುವುದು ಬುಡದ ಸುತ್ತ ಹೆಣೆದುಕೊಂಡ ಮುಳ್ಳುಕೊಂಬೆಗಳು.

ಉತ್ತರ ಕನ್ನಡದ ಕಾಡುಗಳಲ್ಲಿ ಈ ಬೇಲಿಯನ್ನೇ ಸವರಿ ಹಾಕುವ ಪದ್ಧತಿಯಿತ್ತು. ಇಕ್ಕಟ್ಟು ಕಡಿಮೆಯಾದರೆ ಬಿದಿರು ಹುಲುಸಾಗುತ್ತದೆ ಎಂಬುದು ಅರಣ್ಯ ಇಲಾಖೆಯ ಲೆಕ್ಕ. ಬಿದಿರಿನ ದೊಡ್ಡ ಪಾಲು ಹೋಗುತ್ತಿದ್ದುದು ದಾಂಡೇಲಿಯ ಕಾಗದ ಕಾರ್ಖಾನೆಗೆ. 1970ರ ದಶಕದಲ್ಲಿ ಮೆಳೆಗಳು ಬರಿದಾಗತೊಡಗಿದಾಗ ಬುಟ್ಟಿ ಹೆಣೆಯುವವರು ಕಾರ್ಖಾನೆಯನ್ನು ದೂರಿದರು; ದೂರು ಹಳ್ಳಿಗರ ಮೇಲೂ ತಿರುಗಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅಧ್ಯಯನಕ್ಕಿಳಿದಾಗ ಹಳ್ಳಿಗರು ಅಂದದ್ದು ಇಷ್ಟೆ: ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ.

ಮೆಳೆಗಳನ್ನು ಗಮನಿಸುತ್ತ ಹೋದಂತೆ ಆ ಮಾತೇ ನಿಜವಾಯಿತು.

ಹಳ್ಳಿಗರ ಮೇಲಿನ ಇಂಥ ಗುಮಾನಿಗೆ ಸಿದ್ಧಾಂತದ ಬಲವೂ ಇತ್ತು. ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಒಂದು ಗೋಮಾಳವನ್ನು ಊಹಿಸಿಕೊಂಡರು. ಇನ್ನೊಂದು ದನ ಬಿಟ್ಟರೆ ಲಾಭ ಒಬ್ಬನಿಗೆ, ಹುಲ್ಲಿನ ನಷ್ಟ ಎಲ್ಲರಿಗೆ. ಹೀಗಾಗಿ ಎಲ್ಲರೂ ದನ ಹೆಚ್ಚಿಸುತ್ತಾರೆ, ಗೋಮಾಳ ಬೋಳಾಗುತ್ತದೆ. ಅದು ಖಾಸಗಿಯವರದಾಗಬೇಕು, ಇಲ್ಲವೇ ಸರ್ಕಾರದ ಹಿಡಿತಕ್ಕೆ ಬರಬೇಕು ಎಂಬ ವಾದ ಇದರಿಂದ ಬಲವಾಯಿತು.

ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಊಹೆ ಬಿಟ್ಟು ನಿಜವಾದ ಊರುಗಳನ್ನು ನೋಡಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ ಚಳಿಗಾಲದಲ್ಲಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಬಿಡಬೇಕೆಂಬ ಕಟ್ಟಳೆ ಶತಮಾನಗಳಿಂದ ನಡೆದುಬಂದಿತ್ತು. ಬಳಸುವವರೇ ನಿಯಮ ಮಾಡಿಕೊಂಡು, ತಪ್ಪಿದವರಿಗೆ ದಂಡ ಹಾಕಿದಲ್ಲಿ ಸಾಮೂಹಿಕ ಆಸ್ತಿ ಉಳಿದೀತು ಎಂದು ಅವರು 1990ರ ಪುಸ್ತಕದಲ್ಲಿ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗೆಂದು ಹಳ್ಳಿಯ ಕೈಸೇರಿದ ಕಾಡೆಲ್ಲ ಹಸಿರಾಗಿದೆ ಎನ್ನುವಂತಿಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ತೋಟದ ಗೊಬ್ಬರಕ್ಕಾಗಿ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟಗಳಿವೆ. ಒಡೆತನ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು. ಕೆಲವು ಬೆಟ್ಟಗಳಲ್ಲಿ ಮರಗಳು ದಟ್ಟವಾಗಿವೆ. ಇನ್ನು ಕೆಲವೆಡೆ ಕೊಂಬೆ ಕಡಿಸಿಕೊಂಡ ಬೋಳು ಕಾಂಡಗಳಷ್ಟೇ ನಿಂತಿವೆ. ಎರಡೂ ಬೆಟ್ಟಗಳ ಸೊಪ್ಪು ಸೇರುವುದು ಅಡಿಕೆ ಮರದ ಬುಡಕ್ಕೇ.