ದೂರದ ಉಗ್ರಾಣದಲ್ಲಿ ಶಾಲೆಯ ಭಾವಚಿತ್ರಗಳು

ಶಾಲೆಯ ಹಳೆಯ ಭಾವಚಿತ್ರಗಳನ್ನು ಗಣಕಯಂತ್ರದ ಮೂಲಕ ದೂರದ ಉಗ್ರಾಣಕ್ಕೆ ಒಪ್ಪಿಸುವ ಕ್ರಮವೊಂದುಂಟು. ಅಮೆಜಾನ್ ಸಂಸ್ಥೆಯವರು 2006ರಲ್ಲಿ ತೆರೆದ ಎಸ್3 ಎಂಬುದು ಅಂಥದು. 2016ರಿಂದ ಮುಂಬಯಿಯಲ್ಲಿಯೂ ಅದರ ನೆಲೆಯಿರುವದು. ಅಲ್ಲಿ 'ಬಕೆಟ್' ಎಂಬ ಪಾತ್ರೆಯೊಳಗೆ ಪ್ರತಿಯೊಂದು ಕಡತವೂ ತನ್ನ ಹೆಸರಿನಿಂದಲೇ ಗುರುತಿಸಲ್ಪಡುವದು. '1938/ತರಗತಿ' ಎಂದು ಬರೆದರೆ ಒಳಗೆ ಬೇರೆ ಖಾನೆಯಿದ್ದಂತೆ ತೋರುವದು. ನಿಜವಾಗಿ ಅದೆಲ್ಲವೂ ಒಂದೇ ಹೆಸರು. ಪೈಥಾನ್ ಭಾಷೆಯಲ್ಲಿ ಕೆಲವೇ ಸಾಲು ಬರೆದರೆ ಸಾವಿರ ಪಟಗಳಾದರೂ ತಾವಾಗಿ ಏರಿಹೋಗುವವು.

ಆದರೆ ಅದೇ ಹೆಸರಿನಿಂದ ಇನ್ನೊಂದನ್ನು ಕಳುಹಿಸಿದರೆ, ಉಗ್ರಾಣವು ಒಂದು ಮಾತನ್ನೂ ಕೇಳದೆ ಮೊದಲಿನದನ್ನು ತೆಗೆದುಹಾಕುವದು. ನಾನು ಎರಡು ವರ್ಷಗಳ ಪಟಗಳಿಗೆ ಬರೇ 'ತರಗತಿ' ಎಂದು ಹೆಸರಿಟ್ಟು ಒಂದನ್ನು ಕಳೆದುಕೊಂಡೆನು. ಅದರ ಮೂಲಪಟವೋ, ಆಗಲೇ ಗೆದ್ದಲಿಗೆ ಆಹುತಿಯಾಗಿತ್ತು. 'ವರ್ಶನಿಂಗ್' ಎಂಬ ಏರ್ಪಾಡನ್ನು ಮೊದಲೇ ಆರಂಭಿಸಿದ್ದರೆ ಹಳೆಯ ಪ್ರತಿಯೂ ಉಳಿಯುತ್ತಿತ್ತು. ಆ ಪ್ರತಿಗೂ ಬಾಡಿಗೆ ತೆರಬೇಕೆಂಬುದು ಬೇರೆ ಮಾತು.