ವಿಮಾನದಲ್ಲಿ ಒಂದು ಗಂಟೆ, ಮನೆಯಿಂದ ಏಳು ಗಂಟೆ: ಸುಳ್ಯ, ಕಡಬದವರಿಗೆ ಬೆಂಗಳೂರು ಫ್ಲೈಟ್ ಲಾಭವೇ?

ಪುತ್ತೂರು: ಮಂಗಳೂರಿನಿಂದ ಬೆಂಗಳೂರಿಗೆ ಫ್ಲೈಟಲ್ಲಿ ಒಂದೇ ಗಂಟೆ ಅಂತ ಎಲ್ಲರೂ ಹೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಅದು ಬಜ್ಪೆಯಿಂದ ದೇವನಹಳ್ಳಿವರೆಗಿನ ಲೆಕ್ಕ. ಸುಳ್ಯದ ಮನೆಯಿಂದ ಬೆಂಗಳೂರಿನ ಆಸ್ಪತ್ರೆಗೋ ಇಂಟರ್‌ವ್ಯೂಗೋ ಹೊರಟವರ ಲೆಕ್ಕವೇ ಬೇರೆ.

ದೂರ ಎಷ್ಟು?

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 306 ಕಿ.ಮೀ. ಶಿರಾಡಿ ಘಾಟಿ ಮೂಲಕ ಮಂಗಳೂರು-ಬೆಂಗಳೂರು ರಸ್ತೆ ಸುಮಾರು 350 ಕಿ.ಮೀ. ಗಂಟೆಗೆ 800 ಕಿ.ಮೀ. ಹೋಗುವ ಜೆಟ್‌ಗೆ 23 ನಿಮಿಷ ಸಾಕಲ್ವಾ ಅಂತ ಕೇಳಬಹುದು. ಸಾಲದು. ಇಷ್ಟು ಹತ್ತಿರದ ದಾರಿಯಲ್ಲಿ ಏರುವುದು, ಇಳಿಯುವುದರಲ್ಲೇ ಹೆಚ್ಚಿನ ಸಮಯ ಹೋಗುತ್ತದೆ, ಆಗ ವೇಗವೂ ಕಡಿಮೆ. ಆಕಾಶದಲ್ಲಿ ಇರುವುದು ಸುಮಾರು 40-45 ನಿಮಿಷ. ರನ್‌ವೇಗೆ ಹೋಗುವ, ಬರುವ ಸಮಯ ಸೇರಿ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಇರುತ್ತದೆ.

ಮನೆಯಿಂದ ಲೆಕ್ಕ ಹಾಕಿದರೆ

ಸುಳ್ಯದಿಂದ ಬಿ.ಸಿ.ರೋಡ್, ಪೊಳಲಿ, ಕೈಕಂಬ ದಾರಿಯಾಗಿ ಬಜ್ಪೆಗೆ ಎರಡೂವರೆ ಗಂಟೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಒಂದೂವರೆ ಗಂಟೆ ಮುಂಚೆ ತಲುಪಲೇಬೇಕು. ವಿಮಾನ ಒಂದು ಗಂಟೆ, ಬ್ಯಾಗ್ ಸಿಗಲು ಅರ್ಧ ಗಂಟೆ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಟ್ರಾಫಿಕ್ ನೋಡಿ ಒಂದೂವರೆ ಗಂಟೆ. ಒಟ್ಟು ಏಳು! ಸುಳ್ಯದ ರಾತ್ರಿ ಬಸ್ಸಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಪುತ್ತೂರಿನವರಿಗೆ ಒಂದು ಗಂಟೆ ಉಳಿದೀತು.

ಕಾರಣ ಸರಳ. ಬೆಂಗಳೂರು ಇರುವುದು ನಮ್ಮ ಪೂರ್ವಕ್ಕೆ, ಫ್ಲೈಟ್ ಹತ್ತಲು ಹೋಗಬೇಕಾದದ್ದು ಪಶ್ಚಿಮಕ್ಕೆ. ಕಡಬದವರಿಗಂತೂ ಶಿರಾಡಿ ಘಾಟಿಯ ಬುಡದ ಗುಂಡ್ಯ, ನೆಟ್ಟಣದ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಎರಡೂ ಬಜ್ಪೆಗಿಂತ ಎಷ್ಟೋ ಹತ್ತಿರ.

ಯಾರಿಗೆ ಲಾಭ?

ಬೆಂಗಳೂರಲ್ಲಿ ಇಳಿದು ದಿಲ್ಲಿಗೋ ವಿದೇಶಕ್ಕೋ ಇನ್ನೊಂದು ವಿಮಾನ ಹತ್ತುವವರಿಗೆ ಖಂಡಿತ ಲಾಭ. ಅವರಿಗೆ ಸಿಟಿ ಟ್ರಾಫಿಕ್ ಇಲ್ಲ. ಆದರೆ ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಕಂಪನಿಯ ಹೊಣೆ. ಬೇರೆ ಬೇರೆ ಟಿಕೆಟ್ ಮಾಡಿದರೆ ನಷ್ಟ ನಮ್ಮದೇ.

ಘಾಟಿ ಬಂದ್ ಆದಾಗಲೂ ವಿಮಾನವೇ ಗತಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆ ಮುಚ್ಚಿತ್ತು. 2024ರ ಜುಲೈಯಲ್ಲಿ ಎಡಕುಮೇರಿ ಬಳಿ ಕುಸಿತದಿಂದ ರೈಲೂ ನಿಂತಿತ್ತು. ಹಾಗಂತ ಮಳೆಗಾಲದಲ್ಲಿ ವಿಮಾನವನ್ನೂ ಪೂರ್ತಿ ನಂಬುವ ಹಾಗಿಲ್ಲ. ಬಜ್ಪೆಯದ್ದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಮಳೆ, ಮಂಜಿಗೆ ದಾರಿ ಕಾಣದಿದ್ದರೆ ವಿಮಾನ ಬೇರೆ ಊರಿಗೆ ತಿರುಗುತ್ತದೆ.

ಆಪರೇಷನ್, ಪರೀಕ್ಷೆ, ವೀಸಾದಂಥ ತಪ್ಪಿಸಲಾಗದ ಕೆಲಸ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ದಿನವೇ ಬೆಂಗಳೂರು ತಲುಪುವುದು ಒಳ್ಳೆಯದು, ಬಸ್ಸಾದರೂ ಸರಿ, ಫ್ಲೈಟಾದರೂ ಸರಿ.